ಫೋಟೊ ಟ್ರಂಕು ಇಳಿಸಿ, ಸ್ಟಿಕರ್ ಅಂಗಡಿ ಆಮೇಲೆ

ನಮ್ಮ ಮನೆಯ ಫೋಟೊಗಳು ಇದ್ದದ್ದು ಮೂರು ಕಡೆ. ಅಟ್ಟದ ಟ್ರಂಕಿನಲ್ಲಿ ಒಂದಷ್ಟು, ಬೀರುವಿನ ಸೀರೆಗಳ ನಡುವೆ ಒಂದಷ್ಟು, ಉಳಿದದ್ದು ಬಿಸ್ಕತ್ತಿನ ಡಬ್ಬಿಯಲ್ಲಿ. ಎಲ್ಲ ಸೇರಿಸಿ ಮನೆಯದ್ದೇ ಒಂದು ಸ್ಕ್ರಾಪ್‌ಬುಕ್ ಮಾಡೋಣ ಅಂತ ಹೊರಟಾಗ ನಾನು ಮಾಡಿದ ಮೊದಲ ಕೆಲಸ ದಾವಣಗೆರೆಯ ಮಂಡಿಪೇಟೆಗೆ ಹೋಗಿದ್ದು. ಬಣ್ಣದ ಕಾಗದ, ಮಿನುಗುವ ಟೇಪು, ಹೂವಿನ ಸ್ಟಿಕರು, ಅಂಕುಡೊಂಕಾಗಿ ಕತ್ತರಿಸುವ ಕತ್ತರಿ, ಎಲ್ಲ ಬಂತು. ಎರಡು ವರ್ಷ ಆ ಚೀಲ ಬಾಗಿಲ ಹಿಂದೆ ನೇತಾಡುತ್ತಿತ್ತು. ಅಷ್ಟರಲ್ಲಿ, ಫೋಟೊಗಳಲ್ಲಿದ್ದ ಅರ್ಧ ಜನರ ಹೆಸರು ಗೊತ್ತಿದ್ದ ದೊಡ್ಡಮ್ಮ ತೀರಿಕೊಂಡರು. ಅದಕ್ಕೇ ಇಲ್ಲಿ ಸಾಮಾನಿನ ಮಾತು ಕೊನೆಗೆ ಬರುತ್ತದೆ.

ಮೊದಲು ರಾಶಿ ಹಾಕಿ

ಎಲ್ಲ ಫೋಟೊಗಳನ್ನೂ ಒಂದೇ ಕಡೆ ತನ್ನಿ. ನೆಲಕ್ಕೆ ಹಳೆಯ ಕಾಟನ್ ಸೀರೆ ಹಾಸಿ. ಫ್ಯಾನ್ ಆರಿಸಿ. ಕೈ ತೊಳೆದು ಒರೆಸಿಕೊಳ್ಳಿ. ಮಂಡಕ್ಕಿ-ಮಿರ್ಚಿ ತಟ್ಟೆ ಪಕ್ಕದಲ್ಲಿಟ್ಟುಕೊಂಡು ಕೂರಬೇಡಿ. ದಾವಣಗೆರೆಯಲ್ಲಿ ಇದು ಕಷ್ಟದ ಮಾತು, ಗೊತ್ತು. ಆದರೆ ಎಣ್ಣೆ ಬೆರಳಿನ ಗುರುತು ಫೋಟೊ ಮೇಲೆ ಕೂತರೆ ಹೋಗುವುದಿಲ್ಲ.

ವರ್ಷದ ಪ್ರಕಾರ ಜೋಡಿಸಲು ಹೋದರೆ ಹತ್ತನೇ ಫೋಟೊಕ್ಕೇ ಸುಸ್ತಾಗುತ್ತೀರಿ. ಐದು ರಾಶಿ ಸಾಕು: ಅಜ್ಜಿ ಕಾಲದ್ದು, ಅಪ್ಪ-ಅಮ್ಮನ ಮದುವೆ, ನಾವು ಸಣ್ಣವರಿದ್ದಾಗ, ನಮ್ಮ ಮಕ್ಕಳು, ಗೊತ್ತಿಲ್ಲ. ಒಂದೇ ಥರದ ನಾಲ್ಕು ಫೋಟೊ ಇದ್ದರೆ ಒಂದು ಇಟ್ಟುಕೊಂಡು ಉಳಿದವನ್ನು ನೆಂಟರಿಗೆ ಕೊಡಿ. ನೆಗೆಟಿವ್ ಮಾತ್ರ ಬಿಸಾಡಬೇಡಿ. ಯಾವುದಾದರೂ ನೆಗೆಟಿವ್ ವಿನಿಗರ್ ಥರ ಹುಳಿ ವಾಸನೆ ಹೊಡೆದರೆ ಅದು ಕೆಡಲು ಶುರುವಾಗಿದೆ ಅಂತ ಅರ್ಥ. ಅದನ್ನು ಬೇರೆ ಇಟ್ಟು, ಬೇಗ ಸ್ಕ್ಯಾನ್ ಮಾಡಿಸಿ.

ಫೋಟೊದ ಬೆನ್ನು ಓದಿ

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಕೆಲಸ ಇದು. ನಮ್ಮಲ್ಲೊಂದು ಕಪ್ಪು-ಬಿಳುಪು ಫೋಟೊ ಇದೆ. ಚಿಕ್ಕಪ್ಪ ಸೈಕಲ್ ಹಿಡಿದು ನಿಂತಿದ್ದಾರೆ, ಹಿಂದೆ ಸ್ಟುಡಿಯೋದ ಪರದೆ. ‘80ರಲ್ಲಿ ತೆಗೆಸಿದ್ದು’ ಅಂತ ಅವರ ಹಟ. ತಿರುಗಿಸಿ ನೋಡಿದರೆ ನೇರಳೆ ಬಣ್ಣದ ರಬ್ಬರ್ ಸ್ಟಾಂಪು: ‘ದಾವಣಗೆರೆ, ಚಿತ್ರದುರ್ಗ ಜಿಲ್ಲೆ, ಮೈಸೂರು ರಾಜ್ಯ’. ಪಿನ್‌ಕೋಡ್ ಇಲ್ಲ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು 1973ರ ನವೆಂಬರ್ 1ಕ್ಕೆ. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ಸ್ಟುಡಿಯೋದವರು ಹಳೆ ಸ್ಟಾಂಪನ್ನೇ ಒಂದೆರಡು ವರ್ಷ ಒತ್ತಿರಬಹುದು ಅಂದುಕೊಂಡರೂ 80ರವರೆಗೆ ಎಳೆಯಲಾಗದು ಅಲ್ವಾ? ಚಿಕ್ಕಪ್ಪ ಸುಮ್ಮನಾದರು.

ನಮ್ಮ ಜಿಲ್ಲೆಯವರಿಗೆ ಇನ್ನೊಂದು ಅನುಕೂಲ ಇದೆ. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ದಾವಣಗೆರೆ, ಹರಿಹರ, ಜಗಳೂರಿನ ವಿಳಾಸದಲ್ಲಿ ‘ಚಿತ್ರದುರ್ಗ ಜಿಲ್ಲೆ’ ಅಂತಲೋ, ಹೊನ್ನಾಳಿ, ಚನ್ನಗಿರಿಯದರಲ್ಲಿ ‘ಶಿವಮೊಗ್ಗ ಜಿಲ್ಲೆ’ ಅಂತಲೋ ಇದ್ದರೆ ಸಾಮಾನ್ಯವಾಗಿ ಅದಕ್ಕೂ ಹಿಂದಿನದು.

ಮುಂದಿನ ಭಾಗವನ್ನೂ ಬಿಡಬೇಡಿ. ಹಿಂದೆ ನಿಂತ ಸ್ಕೂಟರಿನ ನಂಬರ್ ‘ಕೆಎ’ಯಿಂದ ಶುರುವಾದರೆ ಫೋಟೊ 1980ರ ದಶಕದ ಕೊನೆಗಿಂತ ಹಳೆಯದಲ್ಲ. ದುರುಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಮೊಬೈಲಿನಲ್ಲಿರುವ ಜಾತ್ರೆ ಫೋಟೊ 2022ರದೋ 2024ರದೋ ಅಂತ ಮಗುವಿನ ಎತ್ತರ ನೋಡಿಯೇ ಹೇಳಬಹುದು. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು, ಆಮೇಲೆ ಬಿದ್ದದ್ದು 2022ರಲ್ಲಿ. 2025ರಲ್ಲೂ ಬಿತ್ತು. ಹಾಗಾಗಿ ಕೋಡಿ ನೀರಿನ ಮುಂದೆ ನಿಂತ ಕಲರ್ ಫೋಟೊ 2022ಕ್ಕಿಂತ ಹಳೆಯದಲ್ಲ, ಅದರ ಬಗ್ಗೆ ಜಗಳವೇ ಬೇಡ. ಆದರೆ ಮೂಲೆಯಲ್ಲಿ ಕೇಸರಿ ಬಣ್ಣದಲ್ಲಿ ಅಚ್ಚಾದ ತಾರೀಕನ್ನು ಪೂರ್ತಿ ನಂಬಬೇಡಿ. ಎಷ್ಟೋ ಜನ ಸೆಲ್ ಹಾಕಿದ ಮೇಲೆ ಕ್ಯಾಮೆರಾದ ತಾರೀಕು ಸರಿ ಮಾಡುತ್ತಲೇ ಇರಲಿಲ್ಲ.

ಹೆಸರು ಬರೆದುಕೊಳ್ಳಿ

ಮನೆಯ ಹಿರಿಯರನ್ನು ಕೂರಿಸಿಕೊಳ್ಳಿ. ಮೊಬೈಲಿನ ರೆಕಾರ್ಡರ್ ಆನ್ ಮಾಡಿ ಮಗ್ಗುಲಲ್ಲಿಡಿ. ಪ್ರಶ್ನೆ ಜಾಸ್ತಿ ಕೇಳಬೇಡಿ. ‘ಇದು ಯಾರು?’ ಅಂದರೆ ಹೆಸರು ಸಿಗುತ್ತದೆ. ‘ಈ ಸೀರೆ ಯಾರದ್ದು?’ ಅಂದರೆ ಕತೆ ಸಿಗುತ್ತದೆ. ಒಮ್ಮೆಗೆ ಮುಕ್ಕಾಲು ಗಂಟೆ ಸಾಕು, ಅವರಿಗೂ ಆಯಾಸವಾಗುತ್ತದೆ.

ಹೆಸರನ್ನು ಎಡದಿಂದ ಬಲಕ್ಕೆ, ಫೋಟೊದ ಹಿಂದೆ ಅಂಚಿನಲ್ಲಿ, ಮೆತ್ತನೆಯ ಪೆನ್ಸಿಲಿನಲ್ಲಿ ಬರೆಯಿರಿ. ನಾನೊಮ್ಮೆ ಬಾಲ್‌ಪೆನ್ನಿನಲ್ಲಿ ಬರೆದೆ. ‘ಸರೋಜಕ್ಕ’ ಅನ್ನುವ ಅಕ್ಷರಗಳು ಮುಂದೆ ಅವಳ ಕೆನ್ನೆಯ ಮೇಲೇ ಉಬ್ಬಿಕೊಂಡವು. ಹೊಸ ಫೋಟೊಗಳ ಬೆನ್ನು ನುಣುಪು, ಪೆನ್ಸಿಲ್ ಹತ್ತುವುದಿಲ್ಲ. ಅವಕ್ಕೆ ಚೀಟಿ ಬರೆದು ಕವರಿನಲ್ಲಿ ಜೊತೆಗಿಡಿ.

ಅಂಟು ಆಲ್ಬಮ್ಮಿನಿಂದ ಬಿಡಿಸುವುದು

ಹಾಳೆಗೇ ಅಂಟಿರುವ, ಮೇಲೆ ಪ್ಲಾಸ್ಟಿಕ್ ಪರದೆ ಇರುವ ಆಲ್ಬಮ್ಮುಗಳು ಒಂದು ಕಾಲದಲ್ಲಿ ಮನೆಮನೆಯಲ್ಲೂ ಇದ್ದವು. ಆ ಅಂಟೇ ಫೋಟೊಗಳಿಗೆ ಶತ್ರು. ಉಗುರು ಹಾಕಿ ಎಳೆಯಬೇಡಿ. ಎಳೆದು ಅಮ್ಮನ ಮದುವೆ ಫೋಟೊದ ಒಂದು ಮೂಲೆ ಕಳೆದುಕೊಂಡಿದ್ದೇನೆ. ಮೊದಲು ಹಾಗೇ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಆಮೇಲೆ ಒಂದು ಮೊಳ ಗಟ್ಟಿ ಪಾಲಿಯೆಸ್ಟರ್ ದಾರ ತೆಗೆದುಕೊಂಡು ಎರಡೂ ತುದಿ ಬೆರಳಿಗೆ ಸುತ್ತಿ. ದಾರವನ್ನು ಫೋಟೊದ ಮೂಲೆಯಡಿ ತೂರಿಸಿ, ಗರಗಸದ ಹಾಗೆ ಅತ್ತಿತ್ತ ಆಡಿಸುತ್ತ ನಿಧಾನ ಮುಂದೆ ಹೋಗಿ. ದಾರ ಹಾಳೆಗೆ ಒತ್ತಿಕೊಂಡಿರಲಿ, ಫೋಟೊಕ್ಕಲ್ಲ. ಬಿಡದಿದ್ದರೆ ಹಾಳೆಯನ್ನೇ ಸುತ್ತ ಕತ್ತರಿಸಿ ಫೋಟೊ ಸಮೇತ ಇಟ್ಟುಕೊಳ್ಳಿ. ಫ್ರೇಮಿನ ಗಾಜಿಗೆ ಅಂಟಿದ್ದನ್ನಂತೂ ಮುಟ್ಟಲೇಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ.

ಸ್ಕ್ಯಾನ್ ಮಾಡಿಸುವಾಗ ಸಾಮಾನ್ಯ ಸೈಜಿಗೆ 300 ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ ಅನ್ನುವ ಲೆಕ್ಕ), ಪಾಸ್‌ಪೋರ್ಟ್ ಸೈಜಿನವಕ್ಕೆ 600 ಕೇಳಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಸ್ಪಷ್ಟತೆ ಕಡಿಮೆಯಾಗುತ್ತದೆ.

ಈಗ ಸಾಮಾನು

ಫೆವಿಕಾಲ್ ಬೇಡ. ಅದರಲ್ಲಿ ನೀರಿದೆ, ಫೋಟೊ ಸುಕ್ಕಾಗುತ್ತದೆ. ಹಳೆಯ ಕಪ್ಪು ಹಾಳೆ ಆಲ್ಬಮ್ಮಿನಲ್ಲಿ ಇರುತ್ತಿದ್ದವಲ್ಲ, ನಾಲ್ಕು ಮೂಲೆಗೆ ತ್ರಿಕೋನದ ಕಾಗದ, ಅದೇ ಈಗಲೂ ಒಳ್ಳೆಯದು. ಬೇಕಾದಾಗ ಫೋಟೊ ಹೊರಗೆ ತೆಗೆಯಬಹುದು. ಕಾಗದ ‘ಆಸಿಡ್ ಫ್ರೀ’ ಇರಲಿ. ಕವರ್ ಪಾಲಿಪ್ರೊಪಿಲೀನಿನದ್ದಿರಲಿ, ವಾಸನೆ ಬರುವ ಪಿವಿಸಿ ಬೇಡ.

ಸ್ಕ್ರಾಪ್‌ಬುಕ್ಕಿಗೆ ಸೇರಿಸುವ ಚೂರುಪಾರುಗಳಲ್ಲೂ ಹುಷಾರು. ಲಗ್ನಪತ್ರಿಕೆಯ ಮೂಲೆಗೆ ಹಚ್ಚಿದ ಅರಿಶಿನ-ಕುಂಕುಮ ಎದುರು ಪುಟಕ್ಕೂ ಹತ್ತುತ್ತದೆ, ಅದಕ್ಕೆ ಬೇರೆ ಕವರ್ ಹಾಕಿ. ಬಸ್ಸಿನ ಮಶೀನ್ ಟಿಕೆಟ್ ಕೆಲವು ವರ್ಷಕ್ಕೇ ಬಿಳಿ ಚೀಟಿಯಾಗುತ್ತದೆ. ಪೇಪರ್ ಕಟಿಂಗ್ ಹಳದಿಯಾಗಿ ಪಕ್ಕದ ಫೋಟೊವನ್ನೂ ಕೆಡಿಸುತ್ತದೆ. ಇವೆರಡರದ್ದೂ ಜೆರಾಕ್ಸ್ ಅಂಟಿಸಿ.

ಒಂದು ಪುಟಕ್ಕೆ ಒಂದು ದೊಡ್ಡ ಕವರ್ ಮಾಡಿಕೊಳ್ಳಿ. ಆ ಪುಟದ ಫೋಟೊ, ಚೀಟಿ, ಬಣ್ಣದ ಕಾಗದ ಎಲ್ಲ ಅದರಲ್ಲೇ. ಸಂಜೆ ಅರ್ಧ ಗಂಟೆ ಸಿಕ್ಕರೆ ಒಂದು ಕವರ್ ತೆಗೆದರಾಯಿತು, ಮನೆಯೆಲ್ಲ ಹರಡಬೇಕಿಲ್ಲ. ಕವರುಗಳನ್ನು ಶರ್ಟಿನ ಡಬ್ಬಿಯಲ್ಲಿಡಿ. ಸ್ವೀಟ್ ಡಬ್ಬಿ ಬೇಡ, ತುಪ್ಪದ ಜಿಡ್ಡಿಗೆ ಇರುವೆ ಬರುತ್ತವೆ. ನುಸಿಗುಳಿಗೆಯೂ ಬೇಡ. ಡಬ್ಬಿಯನ್ನು ಮತ್ತೆ ಅಟ್ಟಕ್ಕೆ ಹಾಕಬೇಡಿ. ನಮ್ಮೂರ ಏಪ್ರಿಲ್ ಬಿಸಿಲಿಗೆ ಶೀಟಿನ ಕೆಳಗೆ ಕಲರ್ ಫೋಟೊ ಬೇಗ ಮಾಸುತ್ತದೆ. ಒಳಕೋಣೆಯ ಬೀರು ವಾಸಿ.

ಉಳಿದದ್ದು ‘ಗೊತ್ತಿಲ್ಲ’ ರಾಶಿ. ಅದರ ಜೆರಾಕ್ಸ್ ಮಾಡಿಸಿ ಒಂದು ಕವರಿನಲ್ಲಿ ಹಾಕಿ, ಮುಂದಿನ ಮದುವೆಗೆ ಒಯ್ಯಿರಿ. ಊಟದ ಎರಡನೇ ಪಂಕ್ತಿಗೆ ಕಾಯುವ ಹೊತ್ತಿನಲ್ಲಿ ಅಜ್ಜಿಯರ ಕೈಗೆ ಕೊಡಿ. ನನ್ನ ಕವರಿನಲ್ಲಿ ಹನ್ನೊಂದು ಮುಖಗಳಿದ್ದವು. ಹೊಳಲ್ಕೆರೆ ಮದುವೆಯಿಂದ ಬರುವಾಗ ನಾಲ್ಕು ಉಳಿದಿದ್ದವು.