ಹೊಲಿಗೆ ಯಂತ್ರ ಬಂತು, ಪ್ಲಗ್ ಇರಲಿಲ್ಲ

ಗದಗ ತಾಲ್ಲೂಕಿನ ಒಂದು ಸರಕಾರಿ ಪ್ರೌಢಶಾಲೆಗೆ ನಾನು ಮುಖ್ಯೋಪಾಧ್ಯಾಯ. ಮೂಲತಃ ಗಣಿತದ ಮೇಷ್ಟ್ರು. ಹೊಲಿಗೆಯಲ್ಲಿ ನನ್ನ ಪಾಂಡಿತ್ಯ ಅಂಗಿಗೆ ಗುಂಡಿ ಹಚ್ಚುವಲ್ಲಿಗೆ ಮುಗಿಯುತ್ತದೆ. ಅಂಥವನ ಶಾಲೆಗೆ ಸಮಗ್ರ ಶಿಕ್ಷಣದ ವೃತ್ತಿ ಶಿಕ್ಷಣ ಯೋಜನೆಯಲ್ಲಿ ಉಡುಪು ತಯಾರಿಕೆ ವಿಷಯ ಮಂಜೂರಾಯಿತು. ನಾನೇನೂ ಓಡಾಡಿ ತಂದದ್ದಲ್ಲ. ಶಾಲೆಗಳ ವಾರ್ಷಿಕ ಮಾಹಿತಿಯ ಯುಡೈಸ್ ನಮೂನೆ ತುಂಬುವಾಗ ಖಾಲಿ ಬಿದ್ದಿದ್ದ ಒಂದು ಕೊಠಡಿಯನ್ನು ಪ್ರಾಮಾಣಿಕವಾಗಿ ಖಾಲಿ ಎಂದೇ ಬರೆದಿದ್ದೆ. ಪಟ್ಟಿಗೆ ಹೆಸರು ಸೇರಲು ಅದೂ ಒಂದು ಕಾರಣವಾಯಿತು ಎಂದು ಆಮೇಲೆ ತಿಳಿಯಿತು.

ಪಾಲಕರ ಸಭೆಯಲ್ಲಿ ಮೊದಲ ತಕರಾರು ಎದ್ದಿತು. ಒಂಬತ್ತು, ಹತ್ತನೇ ತರಗತಿಯ ಮಕ್ಕಳು ತೃತೀಯ ಭಾಷೆಯ ಬದಲಿಗೆ ಈ ವಿಷಯವನ್ನು ತೆಗೆದುಕೊಳ್ಳಬಹುದು. "ಹಿಂದಿ ಬಿಡಿಸಿ ಟೇಲರಿಂಗ್ ಕಲಿಸುತ್ತೀರಾ?" ಎಂದು ಒಬ್ಬರು ಕೇಳಿದರು. ಪಕ್ಕದಲ್ಲಿ ಕೂತಿದ್ದ ಬೆಟಗೇರಿಯ ನೇಕಾರರೊಬ್ಬರು, "ಹಿಂದಿ ಸಿನೆಮಾ ನೋಡಿಯೂ ಬರುತ್ತದೆ, ಕಾಲರ್ ಕೂರಿಸುವುದು ಬರುವುದಿಲ್ಲ" ಎಂದರು. ಸಭೆ ಅಲ್ಲಿಗೆ ಮುಗಿಯಿತು.

ಈ ಯೋಜನೆಯ ಹಣದಲ್ಲಿ ನಮ್ಮ ರಾಜ್ಯಕ್ಕೆ ಕೇಂದ್ರದ ಪಾಲು ಶೇಕಡಾ 60, ರಾಜ್ಯದ್ದು 40. ಶಾಲೆಯ ಮಟ್ಟಕ್ಕೆ ಬಂದಾಗ ಆ ಲೆಕ್ಕ ನಮಗೆ ಕಾಣುವುದಿಲ್ಲ. ಕಾಣುವುದು ಲೆಕ್ಕಶೀರ್ಷಿಕೆ ಮಾತ್ರ. ಯಂತ್ರ, ಉಪಕರಣಕ್ಕೆ ಒಮ್ಮೆ ಬರುವ ಹಣ ಬೇರೆ. ವರ್ಷವರ್ಷ ಬರುವ ಕಚ್ಚಾ ಸಾಮಗ್ರಿ, ತರಬೇತುದಾರರ ಸಂಭಾವನೆ, ಅತಿಥಿ ಉಪನ್ಯಾಸ, ಕ್ಷೇತ್ರ ಭೇಟಿಯ ಹಣ ಬೇರೆ ಬೇರೆ. ಒಂದರ ರೂಪಾಯಿ ಇನ್ನೊಂದರ ಹೊಸ್ತಿಲು ದಾಟುವಂತಿಲ್ಲ.

ಇದರ ಅರ್ಥ ನನಗೆ ಆದದ್ದು ಯಂತ್ರಗಳು ಬಂದ ದಿನ. ಹತ್ತು ಯಂತ್ರಗಳು: ಆರು ಕಾಲಿನಿಂದ ತುಳಿಯುವವು, ನಾಲ್ಕು ವಿದ್ಯುತ್ತಿನವು. ಕೊಠಡಿಯಲ್ಲಿದ್ದದ್ದು ಒಂದು ಬಲ್ಬು, ಒಂದು ಫ್ಯಾನು. ಪ್ಲಗ್ ಪಾಯಿಂಟ್ ಇರಲೇ ಇಲ್ಲ. ನನ್ನ ಕೋಣೆಯಿಂದ ವೈರು ಎಳೆದು ಎರಡು ಯಂತ್ರಗಳನ್ನು ಒಟ್ಟಿಗೆ ಚಾಲೂ ಮಾಡಿದೆವು. ಫ್ಯೂಸ್ ಹಾರಿತು, ಗುಮಾಸ್ತರು ಕಂಪ್ಯೂಟರಿನಲ್ಲಿ ಅರ್ಧ ತುಂಬಿದ್ದ ಸ್ಯಾಟ್ಸ್ (ವಿದ್ಯಾರ್ಥಿಗಳ ಆನ್‌ಲೈನ್ ದಾಖಲೆ) ಮಾಹಿತಿಯೂ ಹಾರಿತು. ಯಂತ್ರಕ್ಕೆ ಹಣವಿದೆ, ಸೂಜಿಗೂ ಇದೆ. ಆದರೆ ಯಂತ್ರ ತಿರುಗಿಸುವ ವೈರಿಗೆ, ಅರ್ಥಿಂಗಿಗೆ, ಮಂಜೂರಾದ ಲೋಡ್ ಹೆಚ್ಚಿಸಲು ಕಟ್ಟಬೇಕಾದ ಠೇವಣಿಗೆ ಇಲ್ಲ.

ಆಗ ನೆನಪಾದದ್ದು ಶಾಲಾ ಸಂಯುಕ್ತ ಅನುದಾನ. ನೂರರಿಂದ ಇನ್ನೂರೈವತ್ತರವರೆಗೆ ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000 ರೂಪಾಯಿ. ಅದರಲ್ಲಿ ಕನಿಷ್ಠ ಶೇಕಡಾ 10 ಸ್ವಚ್ಛತೆಗೆ ಮೀಸಲು. ಉಳಿದದ್ದರಲ್ಲಿ ಸೀಮೆಸುಣ್ಣ, ವಿದ್ಯುತ್ ಬಿಲ್ಲು, ದುರಸ್ತಿ. ವೈರಿಂಗ್ ದುರಸ್ತಿಯ ಕೆಳಗೆ ಬರುತ್ತದೆ ಎಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಠರಾವು ಬರೆದೆವು. ಠೇವಣಿಯನ್ನು ಹಳೆಯ ವಿದ್ಯಾರ್ಥಿಗಳು ಕೂಡಿಸಿ ಕೊಟ್ಟರು. ಆ ವರ್ಷ ಶಾಲೆಯ ಗೋಡೆಗಳು ಸುಣ್ಣ ಕಾಣಲಿಲ್ಲ.

ಮುಂದಿನ ಪಾಠ ಕಚ್ಚಾ ಸಾಮಗ್ರಿಯದು. 2021ರ ಜುಲೈನಿಂದ ಕೇಂದ್ರ ಪುರಸ್ಕೃತ ಯೋಜನೆಗಳ ಹಣ ಶಾಲೆಯ ಖಾತೆಯಲ್ಲಿ ಕೂರುವುದಿಲ್ಲ. ಪ್ರತಿ ಯೋಜನೆಗೆ ರಾಜ್ಯಮಟ್ಟದಲ್ಲಿ ಒಂದು ಏಕ ನೋಡಲ್ ಖಾತೆ, ನಮ್ಮದು ಶೂನ್ಯ ಶಿಲ್ಕಿನ ಖಾತೆ. ನಮಗೆ ಸಿಗುವುದು ಖರ್ಚಿನ ಮಿತಿ. ಅದು ಸರಕಾರಿ ಹಣ ಪಾವತಿಯ ಜಾಲತಾಣವಾದ ಪಿಎಫ್‌ಎಂಎಸ್‌ನಲ್ಲಿ ಕಾಣಿಸುತ್ತದೆ, ಮಾರ್ಚ್ 31ಕ್ಕೆ ಮಾಯವಾಗುತ್ತದೆ. ಮೊದಲ ವರ್ಷ ಮಿತಿ ಕಂಡದ್ದು ಮಾರ್ಚ್ ನಡುವೆ. ಆಮೇಲೆ ದರಪಟ್ಟಿ ಕೇಳಿ, ತುಲನಾ ಪಟ್ಟಿ ಬರೆದು, ಬಟ್ಟೆ ತರಿಸಿ, ಸರಬರಾಜುದಾರರ ಹೆಸರನ್ನು ನೋಂದಾಯಿಸಿದೆವು. ಸಹಶಿಕ್ಷಕರು ಮೇಕರ್ ಆಗಿ ತುಂಬಿದರು, ನಾನು ಚೆಕರ್ ಆಗಿ ಒಪ್ಪಿದೆ. ಪಾವತಿ ಸಲಹಾಪತ್ರ ಮುದ್ರಿಸಿ ಸಹಿ ಮಾಡಿ ಬ್ಯಾಂಕಿಗೆ ಕೊಟ್ಟು ನಿರಾಳವಾಗಿ ಚಹಾ ಕುಡಿದೆ. ಎರಡು ದಿನಕ್ಕೆ ಪಾವತಿ ತಿರಸ್ಕೃತ. ಅಂಗಡಿಯವರ ಬ್ಯಾಂಕು ಇನ್ನೊಂದರಲ್ಲಿ ವಿಲೀನವಾಗಿ ಐಎಫ್‌ಎಸ್‌ಸಿ ಬದಲಾಗಿತ್ತು. ಅವರು ಹಳೆಯ ಪಾಸ್‌ಬುಕ್ಕಿನ ಪ್ರತಿ ಕೊಟ್ಟಿದ್ದರು, ನಾನು ಕಣ್ಣು ಮುಚ್ಚಿ ಲಗತ್ತಿಸಿದ್ದೆ. ಸರಿಪಡಿಸುವಷ್ಟರಲ್ಲಿ ಏಪ್ರಿಲ್ ಬಂದಿತ್ತು. ಬಟ್ಟೆ ನಮ್ಮ ಕಪಾಟಿನಲ್ಲಿ, ಬಿಲ್ಲು ನನ್ನ ಮೇಜಿನ ಮೇಲೆ. ಮುಂದಿನ ಅನುದಾನ ಬರುವವರೆಗೆ ಆ ಅಂಗಡಿಯ ಮುಂದೆ ಹಾಯುವುದನ್ನೇ ಬಿಟ್ಟಿದ್ದೆ.

ಈಗ ನವೆಂಬರ್‌ನಲ್ಲೇ ಠರಾವು ಮಾಡಿಸುತ್ತೇನೆ. ಮೂರು ದರಪಟ್ಟಿಗಳನ್ನು ಮಾರ್ಚ್ ಕೊನೆಯವರೆಗೆ ಊರ್ಜಿತವಿರುವಂತೆ ಬರೆಸಿಕೊಳ್ಳುತ್ತೇನೆ. ಪಾಸ್‌ಬುಕ್ಕಿನ ಬದಲು ರದ್ದುಪಡಿಸಿದ ಚೆಕ್ಕನ್ನೇ ಕೇಳುತ್ತೇನೆ. ಮಿತಿ ಕಂಡ ದಿನವೇ ಆದೇಶ ಹೊರಡುತ್ತದೆ.

ನನಗೆ ಅತ್ಯಂತ ಖುಷಿ ಕೊಟ್ಟದ್ದು ಅತಿಥಿ ಉಪನ್ಯಾಸದ ಸಣ್ಣ ಮೊತ್ತ. ಊರಿನಲ್ಲಿ ಕಸೂತಿ ಬಲ್ಲ ಒಬ್ಬ ಅಜ್ಜಿ ಇದ್ದಾರೆ. ಗವಂತಿ, ಮುರ್ಗಿ, ನೇಗಿ, ಮೆಂತೆ, ನಾಲ್ಕೂ ಹೊಲಿಗೆ ಅವರ ಬೆರಳಿನಲ್ಲಿವೆ. ಬಟ್ಟೆಯ ಮೇಲೆ ಗೆರೆ ಎಳೆಯದೆ, ಎಳೆ ಎಣಿಸಿಯೇ ಗೋಪುರ ಎಬ್ಬಿಸಿದರು. ಎಲ್ಲೂ ಗಂಟು ಹಾಕಲಿಲ್ಲ. ಹಿಂಬದಿಯೂ ಮುಂಬದಿಯಂತೆಯೇ ಇತ್ತು. ಗಣಿತದವನಾದ ನಾನು ಆ ಎಣಿಕೆ ನೋಡುತ್ತ ನಿಂತುಬಿಟ್ಟೆ. ಸಂಭಾವನೆ ಕೊಡಲು ಅವರನ್ನೂ ಸರಬರಾಜುದಾರರೆಂದೇ ನೋಂದಾಯಿಸಬೇಕಿತ್ತು. ಆಧಾರ್, ಖಾತೆ ಎಂದ ಕೂಡಲೇ ಅಜ್ಜಿ ಹಿಂದೆ ಸರಿದರು. ಇದರಿಂದ ವೃದ್ಧಾಪ್ಯ ಪಿಂಚಣಿ ನಿಂತುಹೋದರೆ ಎಂಬ ಭಯ. ಮಗ ಬಂದು ಸಮಜಾಯಿಷಿ ಕೊಟ್ಟ ಮೇಲೆ ಪಾಸ್‌ಬುಕ್ ಕೈಗೆ ಕೊಟ್ಟರು, ಅದೂ ತಮ್ಮ ಕಣ್ಣೆದುರೇ ನಕಲು ತೆಗೆಸುವ ಷರತ್ತಿನ ಮೇಲೆ.

ಕ್ಷೇತ್ರ ಭೇಟಿಗೆ ಹುಬ್ಬಳ್ಳಿಯ ಬೆಂಗೇರಿಗೆ ಹೋದೆವು, ರಾಷ್ಟ್ರಧ್ವಜ ತಯಾರಿಸುವ ಖಾದಿ ಸಂಘಕ್ಕೆ. ಧ್ವಜದ ಉದ್ದ ಅಗಲ ಮೂರಕ್ಕೆ ಎರಡು ಎಂಬುದನ್ನು ಪುಸ್ತಕದಲ್ಲಿ ಓದಿದ್ದ ಮಕ್ಕಳು, ಹೊಲಿಗೆ ತುಸು ಜಾರಿದರೂ ಆ ಪ್ರಮಾಣ ಕೆಡುತ್ತದೆ ಎಂಬುದನ್ನು ಅಲ್ಲಿ ಕಂಡರು. ಬಸ್ಸಿನ ಬಾಡಿಗೆ ಶೀರ್ಷಿಕೆಯ ಮಿತಿಯೊಳಗೇ ಮುಗಿಯಿತು. ಉಪ್ಪಿಟ್ಟಿನ ಖರ್ಚು ನನ್ನದು.

ನಮ್ಮ ತರಬೇತುದಾರಳ ಬಗ್ಗೆ ಬರೆಯದಿದ್ದರೆ ತಪ್ಪಾಗುತ್ತದೆ. ಆಕೆ ಸಂಸ್ಥೆಯೊಂದರ ಮೂಲಕ ಬಂದವಳು. ಒಮ್ಮೆ ಮೂರು ತಿಂಗಳು ಸಂಬಳವಿಲ್ಲದೆ ದಿನವೂ ಬಸ್ಸು ಹಿಡಿದು ಬಂದಳು. ಹಾಜರಾತಿ ದೃಢೀಕರಿಸಿ ತಿಂಗಳ ಮೊದಲ ದಿನವೇ ಕಳಿಸುವುದಷ್ಟೇ ನನ್ನ ಕೈಯಲ್ಲಿತ್ತು, ಅದನ್ನು ತಪ್ಪಿಸಲಿಲ್ಲ.

ಕಳೆದ ಲೆಕ್ಕ ತಪಾಸಣೆಯಲ್ಲಿ ಒಂದು ಆಕ್ಷೇಪ ಬಂತು. ದಾಸ್ತಾನು ವಹಿಯಲ್ಲಿ ನಲವತ್ತು ಮೀಟರ್ ಬಟ್ಟೆ ಬಂದಿದೆ, ಬಟ್ಟೆ ಎಲ್ಲಿ? ಮಕ್ಕಳು ಕತ್ತರಿಸಿ ಕಲಿತಿದ್ದಾರೆ, ಹೊಲಿದದ್ದನ್ನು ಮನೆಗೆ ಒಯ್ದಿದ್ದಾರೆ ಎಂದೆ. "ದಾಖಲೆ?" ಎಂದರು. ತಪ್ಪು ನನ್ನದೇ. ಅಂದಿನಿಂದ ಸಿದ್ಧವಸ್ತುಗಳ ವಹಿ ಇಟ್ಟಿದ್ದೇವೆ, ಒಯ್ಯುವ ಮಗುವೇ ಬರೆದು ಸಹಿ ಮಾಡಬೇಕು. ಮೊದಲ ಪುಟದ ಮೊದಲ ಸಾಲು ಒಂಬತ್ತನೇ ತರಗತಿಯ ಹುಡುಗಿಯ ದುಂಡು ಅಕ್ಷರದಲ್ಲಿದೆ: "ಕೈಚೀಲ 1, ಬಟ್ಟೆ ಅರ್ಧ ಮೀಟರ್, ಹಿಡಿಕೆ ಸೊಟ್ಟ, ಅವ್ವನಿಗೆ ಕೊಟ್ಟಿದ್ದೇನೆ."