ಹನೋಯ್‌ನ ಕಾಫಿ ಅಂಗಡಿಗಳಲ್ಲಿ ಒಬ್ಬ ರೊಬಸ್ಟಾ ಬೆಳೆಗಾರ್ತಿ

ನಮ್ಮೂರಿನಲ್ಲಿ ಮಳೆಯ ಮಾತು ಎರಡು ಬಗೆಯದು. ಸಕಲೇಶಪುರದ ಕಡೆ ಕಾಫಿ ಹೂಬಿಡಲು ಬೇಕಾದ ಹೂಮಳೆ ಬಿತ್ತೇ ಎಂಬುದು ಒಂದು. ವಿಯೆಟ್ನಾಂನಲ್ಲಿ ಮಳೆ ಬಿತ್ತೇ ಎಂಬುದು ಇನ್ನೊಂದು. ಮೊದಲನೆಯದು ಬಂದರೆ ಸಂತೋಷ, ಎರಡನೆಯದು ಬಾರದಿದ್ದರೆ ಸಂತೋಷ. ಹೇಳಿಕೊಳ್ಳಲು ನಾಚಿಕೆಯಾದರೂ ಸುಳ್ಳಲ್ಲ. ನಾವು ಬೆಳೆಯುವ ರೊಬಸ್ಟಾ ಎಂಬ ಬಗೆಯ ಕಾಫಿಯನ್ನು ಪ್ರಪಂಚದಲ್ಲಿ ಅತಿ ಹೆಚ್ಚು ಬೆಳೆಯುವವರು ಅವರು. ಅವರ ಬೆಳೆ ಹೆಚ್ಚಾದರೆ ನಮ್ಮ ಮೂಟೆಯ ಬೆಲೆ ಇಳಿಯುತ್ತದೆ. 2024ರಲ್ಲಿ ಅಲ್ಲಿ ಬರ ಬಂದು ಬೆಳೆ ಕುಸಿದಾಗ ನಮ್ಮ ರೊಬಸ್ಟಾಕ್ಕೆ ಮಾವನವರ ಕಾಲದಿಂದ ಯಾರೂ ಕಂಡರಿಯದ ಬೆಲೆ ಬಂತು. ಆ ದುಡ್ಡಿನಲ್ಲಿ ಒಂದಿಷ್ಟನ್ನು ಬೇರೆ ತೆಗೆದಿಟ್ಟು, ತಂಗಿಯ ಮಗಳನ್ನು ಜೊತೆಗೆ ಕರೆದುಕೊಂಡು ನಾನು ಹೊರಟದ್ದು ಅದೇ ವಿಯೆಟ್ನಾಂನ ರಾಜಧಾನಿ ಹನೋಯ್‌ಗೆ. ವಿಮಾನದಲ್ಲಿ ಕುಳಿತಾಗ ಇದು ಸ್ವಲ್ಪ ಅಂಗೈಯಲ್ಲಿ ಕೆಂಡ ಹಿಡಿದಂತೆಯೇ ಅನಿಸಿತು.

ಊರಿಗೆ ಮರಳಿದ ಮೇಲೆ ಮನೆಗೆ ಬಂದವರೆಲ್ಲ ಕೇಳಿದ್ದು, ‘ಅವರ ತೋಟ ನೋಡಿದಿರಾ?’ ಎಂದು. ಇಲ್ಲ. ಅವರ ರೊಬಸ್ಟಾ ಬೆಳೆಯುವ ದಕ್ ಲಕ್ ಇರುವುದು ಹನೋಯ್‌ನಿಂದ ಬಹಳ ದೂರ, ನಡುನಾಡಿನ ಎತ್ತರದ ಪ್ರದೇಶದಲ್ಲಿ. ಅಲ್ಲದೆ ತೋಟ ನನಗೆ ಮನೆಯ ಹಿತ್ತಲಲ್ಲೇ ಇದೆ. ನಾನು ನೋಡಬೇಕೆಂದಿದ್ದು ಬೇರೆಯದು. ನಮ್ಮಲ್ಲಿ ಹೆಚ್ಚಿನವರು ರೊಬಸ್ಟಾ ಬೆಳೆಯುತ್ತೇವೆ, ಮೂಟೆ ಕಟ್ಟಿ ಕಳಿಸುತ್ತೇವೆ, ಮನೆಗೆ ಮಾತ್ರ ಪೇಟೆಯಿಂದ ಅರೇಬಿಕಾ ಎಂಬ ಇನ್ನೊಂದು ಬಗೆಯ ಕಾಫಿಯ ಪುಡಿ ತರಿಸುತ್ತೇವೆ. ಅಲ್ಲಿಯವರು ಬೆಳೆದದ್ದನ್ನೇ ಕುಡಿಯುತ್ತಾರೆ ಎಂದು ಕೇಳಿದ್ದೆ. ಹೇಗೆ ಕುಡಿಯುತ್ತಾರೆ, ಎಲ್ಲಿ ಕುಳಿತು ಕುಡಿಯುತ್ತಾರೆ ಎಂಬುದು ನನಗೆ ಬೇಕಿತ್ತು. ಅದಕ್ಕೆ ದೊಡ್ಡ ದೊಡ್ಡ ಕಂಪನಿಗಳ ಅಂಗಡಿಗೆ ಕಾಲಿಡುವುದಿಲ್ಲ, ಮನೆಮಂದಿ ನಡೆಸುವ ಅಂಗಡಿಗಳಿಗೆ ಮಾತ್ರ ಹೋಗುವುದು ಎಂದು ಮೊದಲೇ ತೀರ್ಮಾನಿಸಿದ್ದೆವು.

ಮೊದಲ ದಿನ ಕೆಟ್ಟೆ. ತಂಗಿಯ ಮಗಳು ಮೊಬೈಲ್‌ನಲ್ಲಿ ಯಾರೋ ಬರೆದಿದ್ದ ಪಟ್ಟಿಯೊಂದನ್ನು ಇಳಿಸಿಕೊಂಡಿದ್ದಳು. ಅದರಲ್ಲಿದ್ದ ಮೊದಲ ಅಂಗಡಿಯ ಮುಂದೆ ಛಾಯಾಚಿತ್ರ ತೆಗೆಸಿಕೊಳ್ಳುವವರ ಸಾಲು. ಎರಡನೆಯದು ಮುಚ್ಚಿ ಅಲ್ಲೀಗ ಚಪ್ಪಲಿ ಮಾರುತ್ತಿದ್ದರು. ಆ ಸಿಟ್ಟಿಗೆ ದಾರಿಯಲ್ಲಿ ಸಿಕ್ಕ ಸಿಕ್ಕಲ್ಲಿ ಕುಳಿತು ಸಂಜೆಯೊಳಗೆ ಐದು ಲೋಟ ಕುಡಿದೆ. ಅರೇಬಿಕಾಕ್ಕಿಂತ ರೊಬಸ್ಟಾದಲ್ಲಿ ಕೆಫೀನ್ ಹೆಚ್ಚುಕಡಿಮೆ ಎರಡು ಪಟ್ಟು ಎಂಬುದನ್ನು ಮೂವತ್ತು ವರ್ಷ ಬೆಳೆದವಳಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ರಾತ್ರಿ ಎರಡೂವರೆಗೆ ಹೋಟೆಲ್ಲಿನ ಕಿಟಕಿಯ ಬಳಿ ಕುಳಿತು, ನಡುಗುವ ಬೆರಳುಗಳಲ್ಲಿ ಮರುದಿನದ ನಿಯಮ ಬರೆದುಕೊಂಡೆ: ಮಧ್ಯಾಹ್ನದೊಳಗೆ ಎರಡು, ಸಂಜೆ ಐದರೊಳಗೆ ಒಂದು, ಅದೂ ಅಲ್ಲಿಯ ಮೊಟ್ಟೆ ಕಾಫಿಯಾದರೆ ಮಾತ್ರ. ಒಂದು ದಿನಕ್ಕೆ ಒಂದೇ ಬೀದಿ. ಬೆಳಿಗ್ಗೆ ಏಳಕ್ಕೆ ಹೊರಡುವುದು, ಏಕೆಂದರೆ ಆ ಹೊತ್ತಿಗೆ ಪ್ರವಾಸಿಗಳು ಎದ್ದಿರುವುದಿಲ್ಲ, ಊರಿನವರು ಎದ್ದಿರುತ್ತಾರೆ.

ಹನೋಯ್‌ನ ಹಳೆಯ ಪೇಟೆ ನಮ್ಮವರಿಗೆ ಬೇಗ ಅರ್ಥವಾಗುತ್ತದೆ. ಬೆಂಗಳೂರಿನಲ್ಲಿ ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆ ಇದ್ದಂತೆ ಅಲ್ಲಿಯೂ ಒಂದೊಂದು ಬೀದಿ ಒಂದೊಂದು ಸರಕಿನದು. ‘ಹಾಂಗ್’ ಎಂದರೆ ಸರಕು. ಹಾಂಗ್ ಬಾಕ್ ಬೆಳ್ಳಿಯ ಬೀದಿ. ಮನೆಗಳು ಮುಂದೆ ಮೂರು ಮಾರು ಅಗಲ, ಹಿಂದಕ್ಕೆ ಕೊಳವೆಯಂತೆ ಉದ್ದ. ಮುಂದಿನ ಭಾಗ ಬಾಡಿಗೆಗೆ ಹೋಗಿರುತ್ತದೆ, ಕಾಫಿ ಹಿಂದೆಯೋ ಮೇಲೆಯೋ ಇರುತ್ತದೆ. ಹಾಗಾಗಿ ಕಾಫಿ ಹುಡುಕುವವರು ಬೋರ್ಡು ನೋಡುತ್ತಾ ನಡೆದರೆ ಏನೂ ಸಿಗುವುದಿಲ್ಲ. ನಾನು ನೋಡುತ್ತಿದ್ದದ್ದು ಎರಡನ್ನೇ: ಓಣಿಯ ಬಾಯಲ್ಲಿ ಗುಂಪಾಗಿ ನಿಂತ ಸ್ಕೂಟರ್‌ಗಳು, ಮತ್ತು ಮೊಣಕಾಲೆತ್ತರವೂ ಇಲ್ಲದ ಸ್ಟೂಲಿನ ಮೇಲೆ ಪತ್ರಿಕೆ ಹಿಡಿದ ಮುದುಕರು. ಇವೆರಡೂ ಇದ್ದಲ್ಲಿ ಕಾಫಿ ಇದ್ದೇ ಇತ್ತು. ಆ ಸ್ಟೂಲಿನ ಮೇಲೆ ಕೂರುವುದು ಏಳುವುದು ನನ್ನ ಮಂಡಿಗೆ ಬೇರೆಯೇ ಕಥೆ, ಅದನ್ನು ಬಿಡುತ್ತೇನೆ.

ಭಾಷೆ ಬಾರದು. ಐದು ಪದ ಕಲಿತೆವು, ಸಾಕಾಯಿತು. ‘ದೆನ್’ ಎಂದರೆ ಕಪ್ಪು, ‘ನೌ’ ಎಂದರೆ ಕಂದು, ಅಂದರೆ ಗಟ್ಟಿ ಸಿಹಿಹಾಲು ಹಾಕಿದ್ದು. ‘ದಾ’ ಎಂದರೆ ಐಸು, ‘ನೋಂಗ್’ ಎಂದರೆ ಬಿಸಿ, ‘ಚುಂಗ್’ ಎಂದರೆ ಮೊಟ್ಟೆ. ‘ನೌ’ ಎಂದು ಕೇಳುವುದು ಹನೋಯ್‌ನ ರೂಢಿ. ದಕ್ಷಿಣದ ಸೈಗಾನ್ ಕಡೆಯವರು ಅದನ್ನೇ ‘ಸುವಾ’, ಅಂದರೆ ಹಾಲು, ಎನ್ನುತ್ತಾರೆ. ಮಂಗಳೂರಿನ ಕನ್ನಡ, ಧಾರವಾಡದ ಕನ್ನಡ ಇದ್ದಂತೆ. ಎಲ್ಲಿಯಾದರೂ ಗೊಂದಲವಾದರೆ ಪಕ್ಕದ ಮುದುಕರ ಲೋಟವನ್ನು ತೋರಿಸಿ ನನ್ನ ಎದೆ ಮುಟ್ಟಿಕೊಳ್ಳುತ್ತಿದ್ದೆ. ಅದೇ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿತು.

ಎರಡನೆಯ ದಿನದ ಬೆಳಿಗ್ಗೆಯ ಅಂಗಡಿಗೆ ಹೆಸರೇ ಇರಲಿಲ್ಲ. ಗೋಡೆಗೆ ಒರಗಿದ ಗಾಜಿನ ಕಪಾಟು, ಆರು ಸ್ಟೂಲು, ಎಪ್ಪತ್ತು ದಾಟಿದ ಒಬ್ಬ ಅಮ್ಮ. ‘ನೌ ನೋಂಗ್’ ಎಂದೆ. ಕಪ್ಪಿನ ತಳದಲ್ಲಿ ಬೆರಳಗಲ ಸಿಹಿಹಾಲು, ಅದರ ಮೇಲೆ ಅಲ್ಯೂಮಿನಿಯಂ ಟೋಪಿಯಂಥ ಫಿನ್ ಇಟ್ಟು ತಂದರು. ಫಿನ್ ಎಂದರೆ ಒಬ್ಬರಿಗೆ ಸಾಲುವಷ್ಟು ಸಣ್ಣ ಫಿಲ್ಟರ್. ಕೆಳಗೆ ತೂತಿನ ತಟ್ಟೆ, ಮೇಲೊಂದು ಕಿರುಪಾತ್ರೆ, ಪುಡಿಯ ಮೇಲೆ ಕೂರಲು ಒಂದು ತೂತಿನ ಬಿಲ್ಲೆ, ಮುಚ್ಚಳ. ನಮ್ಮ ಫಿಲ್ಟರ್‌ನ ದಾಯಾದಿಯೇ, ಕೆಳಗಿನ ಅಂತಸ್ತೊಂದು ಇಲ್ಲ ಅಷ್ಟೆ. ಒಳಗೆ ಇಣುಕಿದೆ. ಹನಿ ನಿಧಾನವಾಗಿತ್ತು. ಮನೆಯ ಅಭ್ಯಾಸ ನೋಡಿ, ಡಿಕಾಕ್ಷನ್ ಗಟ್ಟಿಯಾಗಲಿ ಎಂದು ಚಮಚದಿಂದ ಬಿಲ್ಲೆಯನ್ನು ಒಂದಿಷ್ಟು ಒತ್ತಿದೆ. ಹನಿ ನಿಂತೇ ಹೋಯಿತು. ಆ ಅಮ್ಮ ಎದ್ದು ಬಂದು ನನ್ನ ಕೈಯಿಂದ ಚಮಚ ಕಿತ್ತುಕೊಂಡರು. ಬಿಲ್ಲೆಯನ್ನು ಕೂದಲೆಳೆಯಷ್ಟು ಎತ್ತಿ ಬಿಟ್ಟರು, ಒಂದು ಚಮಚ ಬಿಸಿನೀರು ಸುರಿದು ಮುಚ್ಚಳ ಮುಚ್ಚಿ, ಬೆರಳೆತ್ತಿ ತೋರಿಸಿದರು: ಮುಟ್ಟಬೇಡ.

ನಮ್ಮ ಡಿಕಾಕ್ಷನ್ ಇಳಿಯಲು ಬಿಟ್ಟು ನಾವು ಹಾಲು ಕರೆಯಲೋ ದೋಸೆ ಹೊಯ್ಯಲೋ ಹೋಗುತ್ತೇವೆ. ಅವರದು ಐದು ನಿಮಿಷದ್ದು, ಕುಡಿಯುವವರ ಕಣ್ಣೆದುರೇ ಇಳಿಯುತ್ತದೆ, ಆ ಐದು ನಿಮಿಷ ಮಾಡುವುದಕ್ಕೆ ಏನೂ ಇರುವುದಿಲ್ಲ. ಮೊದಲು ಗಡಿಬಿಡಿಯಾಯಿತು. ಆಮೇಲೆ ಹನಿ ಎಣಿಸಲು ಕಲಿತೆ. ಸಿಹಿಹಾಲು ಏಕೆಂದರೆ, ಫ್ರೆಂಚರ ಕಾಲದಲ್ಲಿ ಅಲ್ಲಿ ತಾಜಾ ಹಾಲು ದುರ್ಲಭವಾಗಿತ್ತು. ಡಬ್ಬಿಯ ಹಾಲು ಅಭ್ಯಾಸವಾಯಿತು, ಅಭ್ಯಾಸ ರುಚಿಯಾಯಿತು. ಬೀಜವನ್ನು ಕಪ್ಪಗೆ ಹುರಿಯುತ್ತಾರೆ, ಹುರಿಯುವಾಗ ಬೆಣ್ಣೆ ಸೇರಿಸುವುದೂ ಉಂಟು. ಒಂದು ಗುಟುಕಿಗೇ ನಾಲಿಗೆಯ ಹಿಂಭಾಗದಲ್ಲಿ ಆ ಕಹಿ ಬಂದು ಕುಳಿತಿತು. ಗುರುತು ಸಿಕ್ಕಿತು. ಕೊಯ್ಲಿನ ದಿನಗಳಲ್ಲಿ ಕಣದ ಮೇಲೆ ಸಂಜೆ ಏಳುವ ಘಾಟೇ ಅದು.

ದುಡ್ಡು ಕೊಡುವಾಗ ಇನ್ನೊಂದು ಎಡವಟ್ಟು. ಇಪ್ಪತ್ತು ಸಾವಿರದ ನೋಟೂ ನೀಲಿ, ಐದು ಲಕ್ಷದ ನೋಟೂ ನೀಲಿ. ನಾನು ದೊಡ್ಡದನ್ನು ಕೊಟ್ಟು ಎದ್ದಿದ್ದೆ. ಆ ಅಮ್ಮ ನೋಟನ್ನು ನನ್ನ ಮೂಗಿನ ಮುಂದೆ ಆಡಿಸಿ, ನನ್ನದೇ ಪರ್ಸಿಗೆ ಕೈಹಾಕಿ ಸರಿಯಾದದ್ದನ್ನು ಆರಿಸಿಕೊಂಡರು. ‘ದೊಡ್ಡಮ್ಮ, ಇನ್ನು ಪರ್ಸು ನನ್ನ ಹತ್ತಿರ ಇರಲಿ’ ಎಂದಳು ಹುಡುಗಿ. ಕೊಟ್ಟುಬಿಟ್ಟೆ. ಹೋಗುವವರಿಗೆ ಒಂದೇ ಮಾತು: ಆ ಎರಡು ನೀಲಿಗಳನ್ನು ಬೇರೆ ಬೇರೆ ಜೇಬಿನಲ್ಲಿ ಇಡಿ.

ಹೆಸರಾಂತ ಹಳೆಯ ಅಂಗಡಿಗಳಿಗೂ ಹೋದೆವು, ಬೇಡವೆನ್ನಲು ನಾವೇನು ಸನ್ಯಾಸಿಗಳೇ. ನ್ಗುಯೆನ್ ಹೂ ಹುವಾನ್ ಬೀದಿಯ 39ನೇ ನಂಬರಿನಲ್ಲಿ ಕೆಫೆ ಜಾಂಗ್ ಇದೆ. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕಾದಷ್ಟು ಇಕ್ಕಟ್ಟಿನ ಓಣಿ, ಅದರಾಚೆ ಅಂಗಳ, ಮಹಡಿ. ಮೆಟ್ರೊಪೋಲ್ ಹೋಟೆಲಿನಲ್ಲಿ ಕೆಲಸಕ್ಕಿದ್ದ ನ್ಗುಯೆನ್ ವಾನ್ ಜಾಂಗ್ ಎಂಬುವರು 1946ರಲ್ಲಿ, ಹಾಲಿಗೆ ಬರ ಬಂದ ಕಾಲದಲ್ಲಿ, ಹಾಲಿನ ನೊರೆಯ ಬದಲು ಮೊಟ್ಟೆಯ ಹಳದಿಯನ್ನು ಸಕ್ಕರೆಯೊಂದಿಗೆ ಕಡೆದು ಕಾಫಿಯ ಮೇಲೆ ಸುರಿದರಂತೆ. ಮನೆಮಂದಿ ಇಂದಿಗೂ ಅದನ್ನೇ ಮಾಡುತ್ತಾರೆ. ನಾವು ಹೋದಾಗ ಕಪ್ಪಿಗೆ ಮೂವತ್ತೈದು ಸಾವಿರ ಡಾಂಗ್, ನಮ್ಮ ನೂರಿಪ್ಪತ್ತು ರೂಪಾಯಿಯ ಆಸುಪಾಸು. ಬಿಸಿನೀರಿನ ಬಟ್ಟಲಿನಲ್ಲಿ ಕಪ್ಪನ್ನು ಕೂರಿಸಿ ಕೊಡುತ್ತಾರೆ, ಆರಿದರೆ ಮೊಟ್ಟೆಯ ವಾಸನೆ ಮೇಲೇಳುತ್ತದೆ ಎಂದು ನನ್ನ ಊಹೆ. ಮೊಟ್ಟೆ ತಿನ್ನದವರು ಇಲ್ಲಿಗೆ ಬರುವುದು ಬೇಡ. ತಿನ್ನುವವರೂ ಮೊದಲ ಚಮಚದವರೆಗೆ ಧೈರ್ಯ ತಂದುಕೊಳ್ಳಬೇಕು. ಆಮೇಲೆ ಅದು ಕಾಫಿಯಲ್ಲ, ಕಾಫಿಯ ಮೇಲೆ ಕುಳಿತ ಪಾಯಸ.

ಅದೇ ಬೀದಿಯ 60ರಲ್ಲಿ ಕೆಫೆ ಲಾಮ್. ಹೊಗೆ ಹಿಡಿದು ಹಳದಿಯಾದ ಗೋಡೆಗಳ ತುಂಬ ಚಿತ್ರಗಳು. ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ ಕಲಾವಿದರು ಕಾಫಿಯ ಲೆಕ್ಕಕ್ಕೆ ಚಿತ್ರ ಕೊಡುತ್ತಿದ್ದರು, ಅಂಗಡಿಯ ಲಾಮ್ ಅವನ್ನು ತೆಗೆದುಕೊಳ್ಳುತ್ತಿದ್ದರು. ಹನೋಯ್‌ನ ಓಣಿಗಳನ್ನೇ ಬಿಡಿಸಿ ಹೆಸರಾದ ಬುಯಿ ಸುವಾನ್ ಫಾಯ್ ಕೂಡ ಹಾಗೆ ಕೊಟ್ಟವರೇ. ನಮ್ಮೂರಿನ ಹೋಟೆಲ್‌ನಲ್ಲಿ ಸಾಲದ ಪುಸ್ತಕ ಇರುತ್ತಿತ್ತು. ಇವರ ಸಾಲದ ಪುಸ್ತಕ ಗೋಡೆಯ ಮೇಲಿದೆ. ಕಾಫಿ ಮುಗಿದ ಮೇಲೂ ತಣ್ಣನೆಯ ಹಸಿರು ಚಹಾ ಬಂತು, ಕೇಳದೆಯೇ. ಅದು ಬಂದರೆ ಇನ್ನೂ ಕುಳಿತಿರಬಹುದು ಎಂದು ಅರ್ಥ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ ಅಂಗಡಿ. ಹೋವಾನ್ ಕಿಯೆಮ್ ಕೆರೆಯೆದುರಿನ ಕೆಫೆ ದಿನ್ ಕೂಡ ಜಾಂಗ್ ಮನೆತನದ್ದೇ. ಚೀಲ ಮಾರುವ ಅಂಗಡಿಯೊಳಗಿಂದ ನುಗ್ಗಿ ಕತ್ತಲೆಯ ಮೆಟ್ಟಿಲು ಹತ್ತಬೇಕು. ಕೆರೆ ಚೆಂದ. ಜಾಗ ಸಿಗಲಿಲ್ಲ.

ನನ್ನನ್ನು ಕುಟುಕಿದ್ದು ಮಾತ್ರ ನಾಲ್ಕನೆಯ ದಿನದ ಹೊಸ ಅಂಗಡಿ. ಹುಡುಗನೊಬ್ಬ, ಇಪ್ಪತ್ತೈದರ ಆಸುಪಾಸು, ತಕ್ಕಡಿಯಲ್ಲಿ ಪುಡಿ ತೂಗಿ ಗಾಜಿನ ಕೊಳವೆಯಲ್ಲಿ ಕಾಫಿ ಇಳಿಸುತ್ತಿದ್ದ. ಇಂಥ ಅಂಗಡಿಗಳೆಂದರೆ ಅರೇಬಿಕಾ ಎಂದುಕೊಂಡಿದ್ದೆ. ಅವನು ಡಬ್ಬಿ ತೆರೆದು ಮೂಗಿನ ಬಳಿ ಹಿಡಿದ: ದಕ್ ಲಕ್‌ನ ರೊಬಸ್ಟಾ, ಹಣ್ಣನ್ನು ಮಾತ್ರ ಕೊಯ್ದದ್ದು, ಸಿಪ್ಪೆ ಸುಲಿದು ಅಂಟಿನೊಂದಿಗೇ ಒಣಗಿಸಿದ್ದು. ನಾನು ಮೊಬೈಲ್‌ನಲ್ಲಿ ನಮ್ಮ ಕಣದ ಚಿತ್ರ ತೋರಿಸಿದೆ. ಅವನಿಗೆ ಕುತೂಹಲ ಹುಟ್ಟಿತು. ಯಾವ ತಳಿ ಎಂದು ಇಂಗ್ಲಿಷ್‌ನಲ್ಲಿ ಕೇಳಿದ. ಎಸ್-274, ಸ್ವಲ್ಪ ಸಿ×ಆರ್ ಎಂದೆ. ಬರೆದುಕೊಂಡ. ಮತ್ತೆ ಚಿತ್ರವನ್ನು ಹಿಗ್ಗಿಸಿ ನೋಡಿ, ಕಣದ ತುಂಬ ಹರಡಿದ್ದ ಹಣ್ಣಿನ ನಡುವಿನ ಹಸಿರನ್ನು ಬೆರಳಿನಿಂದ ತೋರಿಸಿದ. ಏನೂ ಹೇಳಲಿಲ್ಲ. ಆಳು ಸಿಗುವುದಿಲ್ಲ, ಒಂದೇ ಸುತ್ತಿನಲ್ಲಿ ಕೊಂಬೆ ಸವರಿ ಕಾಯಿ ಹಣ್ಣು ಒಟ್ಟಿಗೇ ಉದುರಿಸುತ್ತೇವೆ ಎಂದು ಹೇಳಬೇಕೆನಿಸಿತು. ನನ್ನ ಇಂಗ್ಲಿಷ್‌ಗೆ ಅಷ್ಟು ಉದ್ದದ ನೆಪ ಬರಲಿಲ್ಲ. ಅವನ ಕಾಫಿಗೆ ಸುಟ್ಟ ವಾಸನೆಯೇ ಇರಲಿಲ್ಲ. ಹುರಿಗಡಲೆ, ಕೋಕೋ, ಕೊನೆಯಲ್ಲಿ ಹಲಸಿನ ತೊಳೆಯ ಅಂಚಿನಂಥ ಒಂದು ಸಿಹಿ. ರೊಬಸ್ಟಾಕ್ಕೆ ಇಂಥದೊಂದು ಮುಖ ಇದೆಯೆಂದು ತಿಳಿಯಲು ಅಷ್ಟು ದೂರ ಹೋಗಬೇಕಾಯಿತಲ್ಲ ಎಂದು ಆ ದಿನ ಮೂರನೆಯ ಕಪ್ಪು ಕುಡಿಯಲಿಲ್ಲ.

ಮೂರು ಫಿನ್ ತಂದೆ, ಎರಡು ಅಲ್ಯೂಮಿನಿಯಂ, ಒಂದು ಸ್ಟೀಲು. ಜನವರಿಯಲ್ಲಿ ರೊಬಸ್ಟಾ ಕೊಯ್ಲಿಗೆ ಕೈಹಚ್ಚಿದಾಗ, ಮನೆಯ ಹತ್ತಿರದ ನಾಲ್ಕು ಸಾಲು ಗಿಡಗಳಲ್ಲಿ ನಾನೇ ನಿಂತು ಕೆಂಪು ಹಣ್ಣನ್ನು ಮಾತ್ರ ಬಿಡಿಸಿದೆ. ಯಜಮಾನರು ‘ಈ ಲೆಕ್ಕದಲ್ಲಿ ಕೊಯ್ಲು ಯುಗಾದಿ ದಾಟುತ್ತದೆ’ ಎಂದರು, ಸರಿಯಾಗಿಯೇ ಹೇಳಿದರು. ಬೇರೆ ಒಣಗಿಸಿ, ಸಿಪ್ಪೆ ತೆಗೆಸಿ, ಎರಡು ಕಿಲೋ ಪೇಟೆಯ ಪುಡಿ ಅಂಗಡಿಗೆ ಒಯ್ದೆ. ಅಂಗಡಿಯವರು ಬೀಜ ಮುಟ್ಟಿ ನೋಡಿ, ‘ಅಕ್ಕಾ, ಬರೀ ರೊಬಸ್ಟಾ? ಚಿಕೋರಿ ಎಷ್ಟು ಹಾಕಲಿ?’ ಎಂದು ಕೇಳಿದರು. ಬೇಡವೆಂದೆ. ನಂಬದೆ ಮತ್ತೊಮ್ಮೆ ಕೇಳಿದರು.

ಫಿನ್‌ನಲ್ಲಿ ಇಳಿಸಿದ್ದನ್ನು ಹಾಲು ಹಾಕದೆ ಮೊದಲು ಅತ್ತೆಯವರಿಗೆ ಕೊಟ್ಟೆ. ಅವರಿಗೆ ಎಂಬತ್ತಾರು. ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು, ಮತ್ತೊಂದು ಗುಟುಕು ಕುಡಿದರು.

‘ಇದು ನಾವು ಹಿಂದೆ ಕುಡಿಯುತ್ತಿದ್ದ ಕಾಫಿ ಅಲ್ಲವೇನೇ? ಒಳ್ಳೆಯ ಕಾಳೆಲ್ಲ ಮೂಟೆಗೆ ಹೋದ ಮೇಲೆ ಕಣ ಗುಡಿಸಿ ಉಳಿದದ್ದನ್ನು ಬಾಣಲೆಯಲ್ಲಿ ಹುರಿಯುತ್ತಿದ್ದೆವಲ್ಲ’ ಎಂದರು. ಆಮೇಲೆ ಲೋಟವನ್ನು ನನ್ನತ್ತ ಸರಿಸಿ ಕೇಳಿದರು, ‘ಬೆಲ್ಲ ಎಲ್ಲಿ?’