ಪೆಟ್ರೋಲ್ ದರ: ಟಿವಿ ಪಟ್ಟಿ ಬ್ಯಾಡ, ನಿಮ್ಮ ಪಂಪಿಂದೇ ಕೇಳ್ರಿ

ಸರಿಯಾದ ದರ ಬೇಕಂದ್ರ ನೀವು ಹಾಕಿಸೋ ಪಂಪಿನ ಡೀಲರ್ ಕೋಡ್ ಎಸ್‌ಎಂಎಸ್ ಮಾಡ್ರಿ. ಕೋಡ್ ಪಂಪಿನ ಬೋರ್ಡಿನ ಮ್ಯಾಲೆ ಇರ್ತದ, ಕಾಣಲಿಲ್ಲಂದ್ರ ಕ್ಯಾಶಿಯರ್‌ನ ಕೇಳ್ರಿ. ಇಂಡಿಯನ್ ಆಯಿಲ್ ಇದ್ರ ಆರ್‌ಎಸ್‌ಪಿ ಅನ್ನೋ ಮೂರು ಇಂಗ್ಲಿಷ್ ಅಕ್ಷರ, ಒಂದು ಸ್ಪೇಸ್, ಆಮೇಲೆ ಕೋಡ್ ಬರೆದು 9224992249ಕ್ಕ ಕಳಿಸ್ರಿ. ಭಾರತ್ ಪೆಟ್ರೋಲಿಯಂಗೆ ಇದೇ ರೀತಿ 9223112222. ಟಿವಿಯಾಗ ಬರೋದು ಹೆಚ್ಚಾಗಿ ಬೆಂಗಳೂರಿನ ದರ. ರಾಜ್ಯದ ತೆರಿಗೆ ಎಲ್ಲಾ ಕಡೆ ಒಂದೇ ಇದ್ರೂ ಡಿಪೋದಿಂದ ಟ್ಯಾಂಕರ್ ಬರೋ ಸಾಗಣೆ ಖರ್ಚು ಊರಿಗೊಂದು, ಹಂಗಾಗಿ ಕಲಬುರಗಿ ದರ ಬ್ಯಾರೆ, ಬೀದರ್ ದರ ಬ್ಯಾರೆ. ಹೊಸ ದರ ಜಾರಿ ಆಗೋದು ಬೆಳಿಗ್ಗೆ 6ಕ್ಕ (2017ರ ಜೂನ್‌ನಿಂದ ಹೀಂಗೇ ಅದ), ಅದಕ್ಕ 6 ಆದ ಮ್ಯಾಲೇ ಕಳಿಸ್ರಿ. ರಾತ್ರಿ ಕಳಿಸಿದ್ರ ಆ ದಿನದ್ದೇ ದರ ಬರ್ತದ. ‘30 ಪೈಸೆ ಏರಿಕೆ’ ಅಂತ ಸುದ್ದಿ ಓದಿ ದಯವಿಟ್ಟು ರಾತ್ರಿ ಪಂಪಿಗೆ ಓಡಬ್ಯಾಡ್ರಿ, 5 ಲೀಟರಿಗೆ ಉಳಿಯೋದು ಒಂದೂವರೆ ರೂಪಾಯಿ, ಹೋಗಿ ಬರೋದ್ರಾಗೇ ಅದಕ್ಕಿಂತ ಹೆಚ್ಚು ಸುಡ್ತದ. ಕಚ್ಚಾ ತೈಲ ಇಳೀತು ಅನ್ನೋ ಸುದ್ದಿನೂ ಅಷ್ಟೇ, ಬ್ಯಾರಲ್ ದರ ಇಳಿದ ದಿನಾನೇ ಪಂಪಿನಾಗ ಇಳಿಯಂಗಿಲ್ಲ. ಒಂದು ಕಂಪನಿ ಕೋಡ್ ಇನ್ನೊಂದರ ನಂಬರಿಗೆ ಕಳಿಸಿದ್ರ ದರ ಸಿಗಂಗಿಲ್ಲ. ಖಾಸಗಿ ಕಂಪನಿ ಪಂಪುಗಳಿಗೂ ಈ ನಂಬರ್ ನಡಿಯಂಗಿಲ್ಲ, ಅಲ್ಲಿ ಯಂತ್ರದ ಮ್ಯಾಲಿನ ಲೀಟರ್ ದರ ನೋಡೇ ಹಾಕಿಸ್ರಿ. ಬೀದರ್‌ನಿಂದ ಜಹೀರಾಬಾದ್, ಯಾದಗಿರಿಯಿಂದ ನಾರಾಯಣಪೇಟೆ ಕಡೆ ಹೊಂಟವ್ರು ಗಡಿ ದಾಟೋಕಿಂತ ಮೊದಲೇ ಟ್ಯಾಂಕ್ ತುಂಬಿಸ್ರಿ. ತೆಲಂಗಾಣದಾಗ ಪೆಟ್ರೋಲಿಗೆ ವ್ಯಾಟ್ 35.20%, ನಮ್ಮಲ್ಲಿ 2024ರ ಜೂನ್‌ನಾಗ ಏರಿಸಿದ ಮ್ಯಾಲೂ 29.84%. ಅಲ್ಲಿ ಫರಕು ಪೈಸೆದಾಗ ಅಲ್ಲ, ರೂಪಾಯಿದಾಗ.